ನೆಲ ಡೊಂಕು

ಫೆಬ್ರವರಿ 11

ಅಣ್ಣ,

ಈ ಕಾಗದ ನಿನಗೆ ಪಿಟೀಲಿನ ಪೆಟ್ಟಿಗೆಯಲ್ಲಿ, ರಾಳ ಇಡುವ ಗೂಡಿನೊಳಗೆ ಸಿಗುತ್ತದೆ. ಪಿಟೀಲು ಮುಟ್ಟುವ ಮೊದಲು ಇದನ್ನು ಓದು ಅಂದರೆ ನೀನು ಕೇಳುವವನಲ್ಲ. ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾಲ್ಕು ಮೂಲೆ ತಟ್ಟಿ, ಮೆರುಗಿನ ಮೇಲೆ ಬೆವರು ಸುರಿಸಿದ್ದಕ್ಕೆ ನನ್ನನ್ನು ಬೈದು, ಆಮೇಲೆ ತಾನೇ ತಂಗಿಯ ನೆನಪು ಬರುವುದು.

ದೂರು ಇಷ್ಟು. ಮೊದಲನೇ ತಂತಿ ಸತ್ತುಹೋಗಿದೆ. ಮೂರು ತರಹದ ಹೊಸ ತಂತಿ ಹಾಕಿ ನೋಡಿದೆ, ಕಮಾನಿಗೆ ಹೊಸ ಕೂದಲು ಕಟ್ಟಿಸಿದೆ. ಏನು ಮಾಡಿದರೂ ಮೇಲಿನ ಸ್ವರಗಳು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕೇಳಿಸುತ್ತವೆ. ಕೆಳಗಿನ ತಂತಿಗಳು ಚೆನ್ನಾಗಿವೆ. ನೀನು ಕೈಯಾರೆ ಮಾಡಿದ ಮೊದಲ ಪಿಟೀಲು, ಹನ್ನೊಂದು ವರ್ಷ ನನ್ನ ಭುಜದ ಮೇಲೆ ಸುಮ್ಮನೆ ಕೂತಿತ್ತು. ಈಗೇಕೆ ಮುನಿಸಿಕೊಂಡಿತೋ. ಹೊಟ್ಟೆಯೊಳಗೆ ನಿಲ್ಲಿಸಿದ್ದೀಯಲ್ಲ, ಬೆರಳುದ್ದದ ಜೀವಗಂಬ, ಅದು ಬಸ್ಸಿನ ಕುಲುಕಾಟಕ್ಕೆ ಜರುಗಿದೆಯೇ ನೋಡು.

ನಮ್ಮ ತಂಡದ ತಿರುಗಾಟದಲ್ಲಿ ಇದು ಹದಿನೇಳನೆಯ ಊರು. ಬಸ್ಸಿನಲ್ಲಿ ಹನ್ನೆರಡು ಜನ, ಒಂದು ಕನ್ನಡಿ. ರಾಕ್ ಅಂದರೆ ನಿನಗೆ ತಲೆನೋವು, ಅದಕ್ಕೇ ಹೆಚ್ಚು ಬರೆಯುವುದಿಲ್ಲ. ಹಾಡುಗಾರ ಹಾಡುತ್ತಾನೆ, ಗಿಟಾರಿನವರಿಬ್ಬರು ಜಗಳವಾಡುತ್ತಾರೆ, ಡ್ರಮ್ಮಿನವನಿಗೆ ಎಲ್ಲರೂ ಗುಡುಗಪ್ಪ ಅನ್ನುತ್ತಾರೆ. ನನ್ನ ಜಾಗ ಅವನ ಮುಂದೆ, ಸ್ವಲ್ಪ ಬಲಕ್ಕೆ. ಅವನ ಹಿತ್ತಾಳೆ ತಟ್ಟೆ ಸರಿಯಾಗಿ ನನ್ನ ಎಡಗಿವಿಯ ಎತ್ತರಕ್ಕಿದೆ. ಜನ ನನ್ನನ್ನು 'ಪಿಟೀಲಿನವಳು' ಅನ್ನುತ್ತಾರೆ, ಪತ್ರಿಕೆಯವರು ಅದನ್ನೂ ಬರೆಯುವುದಿಲ್ಲ.

ನಿನ್ನಿಂದ ಬರುವವರೆಗೆ ಇಲ್ಲೇ ಒಂದು ಪಿಟೀಲು ಬಾಡಿಗೆಗೆ ತಂದಿದ್ದೇನೆ. ಅದರ ಮೊದಲ ತಂತಿಯೂ ಮಂಕು. ಬಾಡಿಗೆ ಎತ್ತು, ಅದಕ್ಕೇನು ಅಕ್ಕರೆ ಇರುತ್ತದೆ.

ನಾವು ಇಳಿಯುವ ಹೋಟೆಲುಗಳ ಪಟ್ಟಿ ಜೊತೆಗಿದೆ. ಫೋನ್ ಮಾಡಬೇಡ. ಹೋಟೆಲಿನ ಫೋನುಗಳು ಗೊರಗೊರ ಅನ್ನುತ್ತವೆ, ಒಂದು ಮಾತೂ ತಿಳಿಯುವುದಿಲ್ಲ. ಬರೆ.

ನಿನ್ನ ಕಡ್ಡಿ

ಫೆಬ್ರವರಿ 17

ಕಡ್ಡೀ,

ಪಿಟೀಲು ಬಂತು. ನೀನು ಹೇಳಿದ ಕ್ರಮದಲ್ಲೇ ಎಲ್ಲ ಮಾಡಿದೆ, ಬೈದದ್ದೂ ಸೇರಿ.

ಎರಡು ದಿನ ಬೇರೆ ಕೆಲಸ ಬದಿಗಿಟ್ಟು ನೋಡಿದೆ. ಕನ್ನಡಿಯ ಚೂರು ಇಳಿಬಿಟ್ಟು ಒಳಗೆಲ್ಲ ಹುಡುಕಿದೆ. ಜೀವಗಂಬ ನಾನು ನಿಲ್ಲಿಸಿದಲ್ಲೇ ನಿಂತಿದೆ. ಸೀಳಿಲ್ಲ, ಅಂಟು ಬಿಟ್ಟಿಲ್ಲ, ತಂತಿ ಹೊರುವ ಕುದುರೆ ಬಾಗಿಲ್ಲ. ಆಮೇಲೆ ನುಡಿಸಿ ನೋಡಿದೆ. ಕೆಳಗಿನ ಬೀಗ ರಿಪೇರಿಯವನು ಕೈಯಲ್ಲಿ ಅರ್ಧ ಬಿಚ್ಚಿದ ಬೀಗ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ. "ಏನ್ ಸ್ವಾಮಿ, ಇವತ್ತು ಹಕ್ಕಿ ಸಾಕಿದ್ದೀರಾ?" ಅಂದ. ಅವನಿಗೆ ಕೇಳಿಸಿದ ಹಕ್ಕಿ ನಿನಗೇಕೆ ಕೇಳಿಸುವುದಿಲ್ಲ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಿಟೀಲಿನಲ್ಲಿ ಏನೂ ದೋಷವಿಲ್ಲ, ತಾಯಿ. ಆ ಗದ್ದಲದವರ ಜೊತೆ ಸೇರಿ ನಿನ್ನ ಕೈ ಒರಟಾಗಿದೆ, ಅಷ್ಟೇ. ದಿನಾ ಬೆಳಗ್ಗೆ ಒಂದು ಗಂಟೆ ಒಬ್ಬಳೇ ಕೂತು ಸ್ವರ ಹಿಡಿ, ಎಲ್ಲ ಸರಿಹೋಗುತ್ತದೆ. ಹಾಗೇ ವಾಪಸ್ ಕಳಿಸಿದ್ದೇನೆ.

ನಿನ್ನ ಅತ್ತಿಗೆಗೆ ಇದನ್ನು ಓದಿ ಹೇಳಿದೆ. "ಆ ಗಾದೆ ಹೊಡೆದು ಹಾಕಿ, ಅವಳಿಗೆ ಚುಚ್ಚತ್ತೆ" ಅಂದಳು. ಶಾಯಿಯಲ್ಲಿ ಬರೆದದ್ದು, ಹೊಡೆದರೆ ಇನ್ನೂ ಎದ್ದು ಕಾಣುತ್ತದೆ. ಇರಲಿ ಬಿಡು. ನೀನೂ ಕಡ್ಡಿ ಮುರಿದ ಹಾಗೆ ಮಾತಾಡುವವಳೇ, ಆ ಹೆಸರು ಬಂದದ್ದೇ ಅದಕ್ಕೆ.

ಅಣ್ಣ

ಏಪ್ರಿಲ್ 4

ಕಡ್ಡೀ,

ಆರು ವಾರವಾಯಿತು. ಪಿಟೀಲು ತಲುಪಿತು ಎಂದು ಒಂದು ಸಾಲು ಬರೆದರೆ ಕೈ ಸವೆಯುತ್ತದೆಯೇ?

ಹೋಟೆಲಿಗೆ ಎರಡು ಸಲ ಫೋನ್ ಮಾಡಿದೆ. ಎರಡನೆಯ ಸಲ ನೀನೇ ಎತ್ತಿದೆ. "ಯಾರು? ಯಾರು ಮಾತಾಡೋದು?" ಎಂದು ಮೂರು ಸಲ ಕೇಳಿ ಇಟ್ಟುಬಿಟ್ಟೆ. ನಾನು ಇಲ್ಲಿ ಬಾಯಿ ಹರಿಯುವ ಹಾಗೆ ಅಣ್ಣ ಅಣ್ಣ ಅನ್ನುತ್ತಿದ್ದೆ, ಬೀಗದವನು ಮತ್ತೆ ಮೇಲೆ ಬಂದ. ನನ್ನ ದನಿ ಗೊತ್ತಾಗಲಿಲ್ಲ ಅಂದರೆ ನಂಬಲೇ? ಈ ಜಾಣಕಿವುಡು ನಿನಗೆ ಚಿಕ್ಕಂದಿನಿಂದ ಬಂದದ್ದು. ಅಮ್ಮ ಪಾತ್ರೆ ತೊಳೆಯಲು ಕರೆದಾಗಲೂ ಹೀಗೇ ಮಾಡುತ್ತಿದ್ದೆ.

ಗಾದೆ ತಮಾಷೆಗೆ ಬರೆದದ್ದು. ತಮಾಷೆ ಅಷ್ಟೇ ಅಲ್ಲ, ಹೊಟ್ಟೆಯುರಿಯೂ ಇತ್ತು. ನಾನು ಮಾಡಿದ ಪಿಟೀಲು ಸತ್ತಿದೆ ಅಂದದ್ದು ನನಗೆ ನಾಟಿತ್ತು. ಆ ಸಿಟ್ಟನ್ನು ನಿನ್ನ ಕೈಯ ಮೇಲೆ ತೀರಿಸಿಕೊಂಡೆ.

ನಿನ್ನ ಕಾಗದಗಳನ್ನೆಲ್ಲ ನಿನ್ನೆ ತೆಗೆದು ನೋಡಿದೆ. ಹನ್ನೊಂದು ವರ್ಷಕ್ಕೆ ಹತ್ತು. ಹತ್ತೂ ಪಿಟೀಲಿನ ಪೆಟ್ಟಿಗೆಯಲ್ಲಿ ಬಂದವು. ಒಂದು ಸಲ ಗೂಟ ಬಿಗಿ, ಒಂದು ಸಲ ಅಂಟು ಬಿಟ್ಟಿತು, ಒಂದು ಸಲ ಕುದುರೆ ಮುರಿಯಿತು. ಪಿಟೀಲಿಗೆ ಕಾಯಿಲೆ ಬರದಿದ್ದರೆ ನನಗೆ ತಂಗಿಯೇ ಇಲ್ಲ ಅನ್ನಿಸಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮತ್ತೆ ಕಳಿಸು. ಇನ್ನೊಮ್ಮೆ ನೋಡುತ್ತೇನೆ.

ಅಣ್ಣ

ಮೇ 20

ಅಣ್ಣ,

ನಿನ್ನ ಎರಡೂ ಕಾಗದ ತಲುಪಿವೆ. ಬರೆಯಲಿಲ್ಲ, ಏಕೆಂದರೆ ಆ ಗಾದೆ ಓದಿದ ದಿನವೇ ಹಾಡುಗಾರ ಎಲ್ಲರೆದುರು "ಪಿಟೀಲು ಶ್ರುತಿ ಮೇಲೆ ಹೋಗ್ತಾ ಇದೆ, ಯಾರಾದ್ರೂ ಅದನ್ನ ಕಟ್ಟಿಹಾಕಿ" ಅಂದಿದ್ದ. ಹೊರಗಿನವರು ಅಂದದ್ದನ್ನು ನುಂಗಿಕೊಂಡು ರೂಮಿಗೆ ಬಂದರೆ ಒಡಹುಟ್ಟಿದವನೂ ಅದನ್ನೇ ಅಂದಿದ್ದ. ಇರಲಿ.

ಮಾರ್ಚಿನಲ್ಲಿ ಹತ್ತು ದಿನ ರೆಕಾರ್ಡಿಂಗ್ ಇತ್ತು. ಗೋಡೆಗೆಲ್ಲ ಕಂಬಳಿ ಬಡಿದ ಕೋಣೆ. ಎಂಟು ಪಿಟೀಲು ಬೇಕು ಅಂದರು, ಕರೆದದ್ದು ನನ್ನೊಬ್ಬಳನ್ನು. ಒಂದೇ ಸಾಲನ್ನು ಎಂಟು ಸಲ ನುಡಿಸಿ ಎಂಟು ಜನರಾದೆ. ಸೌಂಡಿನವನು, ಅಂದರೆ ನಮ್ಮ ಶಬ್ದದ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವನು, ಮೂರನೇ ತಂತಿಯ ಗೊಗ್ಗರು ದನಿ ಬಹಳ ಮೆಚ್ಚಿದ. "ಮನುಷ್ಯರ ಗಂಟಲು ಇದ್ದ ಹಾಗಿದೆ ಅಕ್ಕ, ಇದನ್ನ ಯಾವತ್ತೂ ರಿಪೇರಿ ಮಾಡಿಸ್ಬೇಡಿ" ಅಂದ. ಆ ಕೋಣೆಯಲ್ಲಿ ಹೆಡ್‌ಫೋನ್ ಜೋರು ಮಾಡಿಕೊಂಡು, ಶ್ರುತಿ ತೋರಿಸುವ ಯಂತ್ರದ ಮುಳ್ಳು ನೋಡಿಕೊಂಡು ಹೇಗೋ ನಿಭಾಯಿಸಿದೆ. ವೇದಿಕೆಯ ಮೇಲೆ ಆಗುತ್ತಿಲ್ಲ.

ಒಂದು ವಿಚಿತ್ರ ಕೇಳು. ಮೊನ್ನೆ ಬಸ್ಸು ಕೆಟ್ಟು ರಸ್ತೆ ಬದಿಯಲ್ಲಿ ನಿಂತಾಗ ಎಲ್ಲರೂ ಎಡಗೈ ಬಲಗೈ ಅದಲುಬದಲು ಮಾಡಿ ನುಡಿಸುವ ಆಟ ಆಡಿದೆವು. ನಾನು ಪಿಟೀಲನ್ನು ಬಲಭುಜಕ್ಕಿಟ್ಟು ಎಡಗೈಯಲ್ಲಿ ಕಮಾನು ಎಳೆದೆ. ಬೆಕ್ಕಿನ ಬಾಲ ತುಳಿದ ಹಾಗಿತ್ತು, ಗುಡುಗಪ್ಪ ಬಿದ್ದು ಬಿದ್ದು ನಕ್ಕ. ಆದರೆ ಅಣ್ಣ, ಮೊದಲನೇ ತಂತಿ ಸ್ವಚ್ಛವಾಗಿ ಕೇಳಿಸಿತು! ಮತ್ತೆ ಎಡಭುಜಕ್ಕೆ ತಂದೆ, ಸತ್ತಿತು. ಎಡಕ್ಕಿಟ್ಟರೆ ಸಾಯುವ, ಬಲಕ್ಕಿಟ್ಟರೆ ಬದುಕುವ ಪಿಟೀಲನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಪಿಟೀಲು ಕಳಿಸಿದ್ದೇನೆ. ನೆಲ ನಿಜವಾಗಿ ಡೊಂಕಾಗಿದ್ದರೆ ಸರಿಮಾಡು. ಇಲ್ಲವಾದರೆ ಗಾದೆ ಬರೆಯದೆ ಸುಮ್ಮನೆ ವಾಪಸ್ ಕಳಿಸು. ಇಲ್ಲೊಬ್ಬ ರಿಪೇರಿಯವನಿದ್ದಾನಂತೆ, ಇನ್ನು ಮುಂದೆ ಅವನ ಹತ್ತಿರವೇ ಹೋಗುತ್ತೇನೆ. ನಿನಗೂ ತೊಂದರೆ ತಪ್ಪುತ್ತದೆ.

ಕಡ್ಡಿ

ಜೂನ್ 1

ಕಡ್ಡೀ,

ತಪ್ಪು ನನ್ನದು. ಜೀವಗಂಬ ಕೂದಲೆಳೆಯಷ್ಟು ವಾಲಿತ್ತು. ಫೆಬ್ರವರಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ, ಕನ್ನಡಕ ಬದಲಾಯಿಸಬೇಕು. ವಯಸ್ಸಾಯಿತು ನೋಡು, ನಲವತ್ತಾರಕ್ಕೇ.

ಹೊಸ ಕಂಬ ನಿಲ್ಲಿಸಿದ್ದೇನೆ. ಕುದುರೆಯನ್ನು ತೆಳ್ಳಗೆ ಕೆತ್ತಿದೆ, ಮೊದಲನೇ ತಂತಿ ಉಕ್ಕಿನದು ಹಾಕಿದೆ. ಈಗ ಮೇಲಿನ ಸ್ವರಗಳು ಸೂಜಿಯ ಹಾಗೆ ಬರುತ್ತವೆ. ಮೂರನೇ ತಂತಿಯ ಗೊಗ್ಗರು ಹೋಯಿತು. ನಿನ್ನ ಸೌಂಡಿನವನಿಗೆ ಬೇಸರವಾಗಬಹುದು, ಒಂದು ಬೇಕಾದರೆ ಇನ್ನೊಂದು ಬಿಡಬೇಕು.

ಬೇರೆ ರಿಪೇರಿಯವನ ಹತ್ತಿರ ಹೋಗಬೇಡ. ಈ ಮರದ ನಾಡಿ ನನಗೊಬ್ಬನಿಗೇ ಗೊತ್ತು. ನಿನ್ನ ಕೈ ಮೊದಲಿನ ಹಾಗೇ ಇದೆ. ನಿನ್ನಲ್ಲಿ ಯಾವ ದೋಷವೂ ಇಲ್ಲ, ಎಲ್ಲ ಪಿಟೀಲಿನದೇ. ನಿಶ್ಚಿಂತೆಯಾಗಿ ನುಡಿಸು.

ಎಡಗೈ ಆಟದ ಕಥೆ ಓದಿ ನಗು ಬಂತು. ಅತ್ತಿಗೆಗೆ ಆ ಭಾಗ ಓದಿ ಹೇಳಲಿಲ್ಲ. ದಿನವೆಲ್ಲ ಹಲ್ಲು ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಟ್ಟು ಬರುವವಳು, ಅವಳಿಗೆ ಎಲ್ಲದರಲ್ಲೂ ಕಾಯಿಲೆಯೇ ಕಾಣುತ್ತದೆ.

ಬರೆಯುತ್ತಿರು. ಪಿಟೀಲಿನ ವಿಷಯ ಬಿಟ್ಟು ಬೇರೆಯದನ್ನೂ ಬರೆ.

ಅಣ್ಣ

ಜೂನ್ 13

ಅಣ್ಣ,

ಬಂತು! ಹೋಗಿದ್ದ ಜೀವ ಬಂತು! ಬೆಳಗ್ಗೆ ಪೆಟ್ಟಿಗೆ ತೆರೆದು ಮಧ್ಯಾಹ್ನದವರೆಗೆ ನುಡಿಸಿದೆ. ಪಕ್ಕದ ರೂಮಿನ ಗಿಟಾರಿನವನು ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದ. "ಅಮ್ಮಾ ತಾಯಿ, ನಿಲ್ಸು, ಹಲ್ಲು ಜುಂ ಅಂತಿದೆ" ಅಂದ. ಅವನ ಹೊಟ್ಟೆಕಿಚ್ಚು ಅಂದುಕೊಂಡೆ. ನನಗಂತೂ ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳಿಸಿತು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಣ್ಣ, ನೀನು ಜನರ ವಿಷಯದಲ್ಲಿ ಎಷ್ಟೋ ಸುಳ್ಳು ಹೇಳಿದ್ದೀಯ. ಅಪ್ಪನಿಗೆ ನಾನು ಟೈಪಿಂಗ್ ಕ್ಲಾಸಿಗೆ ಹೋಗಿದ್ದೇನೆ ಅಂತ ಎರಡು ವರ್ಷ ಹೇಳಿದೆ, ನಾನು ನಾಟಕದ ಕಂಪನಿಯಲ್ಲಿ ಪಿಟೀಲು ಬಾರಿಸುತ್ತಿದ್ದೆ. ಆದರೆ ಮರದ ವಿಷಯದಲ್ಲಿ ನೀನು ಒಂದು ದಿನವೂ ಸುಳ್ಳು ಹೇಳಿದವನಲ್ಲ. ಗಿರಾಕಿ ಓಡಿಹೋದರೂ ಸರಿ, 'ಇದು ಕೆಟ್ಟ ಮರ' ಅಂದುಬಿಡುತ್ತಿದ್ದೆ. ಅದಕ್ಕೇ ಈ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಏನೇನೋ ಯೋಚನೆ ಮಾಡಿದ್ದೆ. ಈಗ ಯಾವುದೂ ಬೇಡ.

ಹೋಟೆಲಿನ ಕಿಟಕಿಯ ಕೆಳಗೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಿದೆ. ಒಬ್ಬ ಮುದುಕಿ ವೇದಿಕೆಯಲ್ಲಿ ಹಾಕುವ ನನ್ನ ಕಪ್ಪು ಅಂಗಿಯನ್ನು ಹಿಡಿದು ನೋಡಿ "ಯಾರು ಸತ್ತಿದ್ದು?" ಅಂದಳು. ನಗು ತಡೆಯಲಿಲ್ಲ. ನೋಡು, ಬೇರೆ ವಿಷಯವೂ ಬರೆದೆ. ಇನ್ನು ವಾರಕ್ಕೊಂದು ಬರೆಯುತ್ತೇನೆ.

ನಿನ್ನ ಕಡ್ಡಿ

ಆಗಸ್ಟ್ 29

ಅಣ್ಣ,

ಮತ್ತೆ ಹೋಯಿತು. ಈ ಸಲ ಎರಡನೇ ತಂತಿಯೂ ಸೇರಿ. ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಇಳಿಯಿತು. ನನಗೆ ನನ್ನ ವಾದ್ಯ ಕೇಳಿಸಲೆಂದು ಕಾಲ ಬಳಿ ಒಂದು ಸ್ಪೀಕರ್ ಇಟ್ಟಿದ್ದಾರೆ, ಅದನ್ನು ಇನ್ನು ಜೋರು ಮಾಡಲು ಜಾಗವಿಲ್ಲ. ಹಾಡು ಮುಗಿದು ಇಳಿದು ಬಂದರೆ ಮೈಯೆಲ್ಲ ಅದುರುತ್ತಿರುತ್ತದೆ.

ಒಳ್ಳೆಯ ಸಂಗತಿಯೆಂದರೆ ಜೂನಿನಿಂದ ಯಾರೂ ಶ್ರುತಿಯ ತಕರಾರು ಎತ್ತಿಲ್ಲ. ಹಾಡುಗಾರನೂ ಸುಮ್ಮನಿದ್ದಾನೆ. ನಿನ್ನ ರಿಪೇರಿಯಿಂದ ಅದಾದರೂ ಸರಿಹೋಯಿತು.

ಮೊನ್ನೆಯ ಕಾಗದದಲ್ಲಿ ಇದನ್ನು ಬರೆಯಬಾರದು ಅಂದುಕೊಂಡು ಗುಡುಗಪ್ಪನ ಹೊಸ ಮೀಸೆಯ ಕಥೆ ಬರೆದೆ. ಇಂದು ಬರೆಯದೆ ಆಗಲಿಲ್ಲ. ಏನಾದರೂ ಮಾಡು. ಬೇಕಾದರೆ ಹೊಟ್ಟೆ ಬಿಚ್ಚು.

ಕಡ್ಡಿ

ಸೆಪ್ಟೆಂಬರ್ 20

ಕಡ್ಡೀ,

ಬಿಚ್ಚಿದೆ. ಮೇಲ್ಹಲಗೆ ಮಳೆಗಾಲದ ತೇವಕ್ಕೆ ಬಿಗಿದುಕೊಂಡಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಒಳಗಡೆಯಿಂದ ಹೆರೆದು ತೆಳುಮಾಡಿದ್ದೇನೆ. ಎಂಟು ದಿನ ಹಿಡಿಯಿತು. ಒಂದು ಸಲ ಹೆರೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ, ಅದಕ್ಕೇ ನಿಧಾನ.

ಬೀಗದವನು ಕೆಳಗಿನಿಂದಲೇ "ಸ್ವಾಮಿ, ಆ ಹಳೇ ಹಕ್ಕಿ ಎಲ್ಲಿ ಹೋಯ್ತು? ಇದು ತಗಡು ಕುಯ್ದ ಹಾಗಿದೆ" ಎಂದು ಕೂಗಿದ. ಅವನಿಗೇನು ಗೊತ್ತು. ನಿನಗೆ ಕೇಳಿಸಿದರೆ ಸಾಕು.

ಅಕ್ಟೋಬರ್ ಒಂಬತ್ತಕ್ಕೆ ನಮ್ಮೂರಿನ ಕ್ರೀಡಾಂಗಣದಲ್ಲಿ ನಿಮ್ಮ ಕಾರ್ಯಕ್ರಮ ಇದೆಯೆಂದು ಗೋಡೆಗೆ ಅಂಟಿಸಿದ್ದಾರೆ. ಚಿತ್ರದಲ್ಲಿ ಮೂಲೆಯಲ್ಲಿ ನಿನ್ನ ಅರ್ಧ ಮುಖ ಇದೆ. ನಾವು ಬರುತ್ತೇವೆ. ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುವುದಿಲ್ಲ, ಮಾತು ಕೊಡುತ್ತೇನೆ.

ಅಣ್ಣ

ಅಕ್ಟೋಬರ್ 12

ಕಡ್ಡೀ,

ಕಾರ್ಯಕ್ರಮ ಚೆನ್ನಾಗಿತ್ತು. ಮುಗಿದ ಮೇಲೆ ನಿನ್ನನ್ನು ನೋಡದೆ ಬಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಅತ್ತಿಗೆಗೆ ತಲೆನೋವು ಬಂತು. ಜನ ನಿನಗೆ ಎಷ್ಟು ಚಪ್ಪಾಳೆ ತಟ್ಟಿದರು. ಮೂರನೇ ತಂತಿ ಬಹಳ ಚೆನ್ನಾಗಿ ಕೇಳಿಸಿತು.

ಆ ಸೌಂಡಿನವನು ಒಳ್ಳೆಯ ಮನುಷ್ಯನೇ?

ಹೆಚ್ಚು ಬರೆಯಲು ತೋಚುತ್ತಿಲ್ಲ. ಕೆಲಸ ತುಂಬ ಇದೆ.

ಅಣ್ಣ

ನವೆಂಬರ್ 3

ಅಣ್ಣ,

ನಿನ್ನೆ ಬಯಲಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ನಾಲ್ಕನೆಯ ಹಾಡಿನಲ್ಲಿ ಎಲ್ಲರೂ ಮೆಲ್ಲಗಾಗಿ ಪಿಟೀಲು ಮಾತ್ರ ಮೇಲೇಳುವ ಜಾಗ ಬರುತ್ತದೆ. ಅಲ್ಲಿ ಮೊದಲನೇ ತಂತಿ ಹರಿದು ಕೆನ್ನೆಗೆ ಬಡಿಯಿತು. ಕಮಾನು ಇಳಿಸಿ ಕೆನ್ನೆ ಒರೆಸಿಕೊಂಡೆ, ಬೆರಳಿಗೆ ರಕ್ತ ಬಂತು. ತಲೆಯೆತ್ತಿ ನೋಡಿದರೆ ಮುಂದಿನ ಸಾಲಿನವರು ಕಣ್ಣು ಮುಚ್ಚಿಕೊಂಡು ತೂಗುತ್ತಲೇ ಇದ್ದರು. ಪಿಟೀಲಿಗೆ ತೂಗುವ ಹಾಗೆ. ಗಿಟಾರಿಗೆ ಯಾರೂ ಹಾಗೆ ತೂಗುವುದಿಲ್ಲ.

ಒಬ್ಬಳು ಕಣ್ಣು ತೆರೆದು ನನ್ನ ಖಾಲಿ ಕೈ ನೋಡಿದಳು. ಪಕ್ಕದವಳನ್ನು ತಿವಿದಳು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಡಿದ್ದನ್ನು ನಾನು ನಿಂತು ನೋಡಿದೆ. ಹಾಡುಗಾರ ನನ್ನ ಕಡೆ ತಿರುಗಿ, ಹಲ್ಲು ಕಚ್ಚಿ, ಕೈ ಆಡಿಸು ಎಂದು ಸನ್ನೆ ಮಾಡಿದ. ಆಡಿಸಿದೆ, ಅಣ್ಣ. ತಂತಿಗೆ ತಾಗಿಯೂ ತಾಗದ ಹಾಗೆ, ಹಾಡು ಮುಗಿಯುವವರೆಗೆ ಕಮಾನು ಆಡಿಸಿದೆ.

ಇಳಿದು ಬಂದು ಸೌಂಡಿನವನನ್ನು ಹಿಡಿದುಕೊಂಡೆ. ಅವನು ಅತ್ತುಬಿಟ್ಟ. ಅವನ ಮಾತು ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ, ತಿಳಿಯದ್ದನ್ನು ಅವನು ಸಿಗರೇಟಿನ ಪೊಟ್ಟಣದ ಮೇಲೆ ಬರೆದ. "ಅಕ್ಕ, ನೀವು ಅರ್ಧ ಸ್ವರ ಮೇಲೆ ಹೋಗ್ತಿದ್ರಿ. ಹೇಳೋಕೆ ಬಾಯಿ ಬರಲಿಲ್ಲ. ಮಾರ್ಚಿನಲ್ಲಿ ರೆಕಾರ್ಡ್ ಮಾಡಿದ್ದು ನಿಮ್ಮದೇ ತಾನೆ? ಬೇರೆಯವರದು ಹಾಕಿಲ್ಲ." ಜೂನಿನಿಂದ ಹೀಗೇ ಅಂತೆ. ನನ್ನ ಕಾಲ ಬಳಿಯ ಸ್ಪೀಕರಿನಲ್ಲಿ ನಾನು, ಜನರ ಕಡೆಯ ಸ್ಪೀಕರಿನಲ್ಲಿ ಟೇಪು. ಗುಡುಗಪ್ಪ ಅದರ ಜೊತೆ ತಾಳ ಸೇರಿಸಲು ಕಿವಿಗೆ ಟಿಕ್‌ಟಿಕ್ ಯಂತ್ರ ಹಾಕಿಕೊಳ್ಳುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರಮ್ಮ ಬಂದು ಭುಜ ತಟ್ಟಿದಳು. "ವೇದಿಕೆ ಮೇಲೆ ಚೆನ್ನಾಗಿ ಕಾಣ್ತೀರ, ಇದರಿಂದ ಯಾರಿಗೇನು ನಷ್ಟ?" ಅಂದಳು.

ಐದು ತಿಂಗಳು ನಾನು ನನಗೊಬ್ಬಳಿಗೇ ನುಡಿಸಿದ್ದೇನೆ. ಅದೂ ನನಗೆ ಸರಿಯಾಗಿ ಕೇಳಿಸಲಿಲ್ಲ.

ಜನವರಿಯಿಂದ ನನ್ನ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದಿದೆ. ನಿನಗೆ ಬರೆಯಲಿಲ್ಲ. ಫೋನು ಗೊರಗೊರ ಅನ್ನುತ್ತಿರಲಿಲ್ಲ.

ನೀನು ಅಕ್ಟೋಬರಿನಲ್ಲಿ ಕ್ರೀಡಾಂಗಣದಲ್ಲಿ ಇದ್ದೆ. ನಿನ್ನ ಕಿವಿಗೆ ಮೋಸ ಮಾಡುವುದು ಯಾರಿಂದಲೂ ಆಗುವುದಿಲ್ಲ. ಅಂದು ನೀನು ಕೇಳಿದ್ದು ಯಾವ ಪಿಟೀಲು? ಕಡ್ಡಿ ಮುರಿದ ಹಾಗೆ ಹೇಳು.

ಕಡ್ಡಿ

ನವೆಂಬರ್ 10

ಕಡ್ಡೀ,

ಹಳೆಯ ಪಿಟೀಲು. ಮೂರನೇ ತಂತಿಯ ಗೊಗ್ಗರು ಕೇಳಿದ ಕೂಡಲೇ ಗೊತ್ತಾಯಿತು. ಜೂನಿನಲ್ಲಿ ಅದನ್ನು ನಾನೇ ತೆಗೆದಿದ್ದೆ. ನಿನ್ನ ಕೈಯಲ್ಲಿದ್ದ ಪಿಟೀಲಿಗೆ ಆ ದನಿ ಬರಲು ಸಾಧ್ಯವಿರಲಿಲ್ಲ. ಅತ್ತಿಗೆಯ ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ. ತಲೆನೋವು ಅವಳಿಗಲ್ಲ. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇನ್ನೂ ಇದೆ. ಪಿಟೀಲಿಗೆ ಈ ವರ್ಷ ಏನೂ ಆಗಿರಲಿಲ್ಲ. ಜೀವಗಂಬ ವಾಲಿರಲಿಲ್ಲ. ಬಲಭುಜಕ್ಕಿಟ್ಟರೆ ಕೇಳಿಸುತ್ತದೆ ಎಂದು ನೀನು ಮೇ ತಿಂಗಳಲ್ಲಿ ಬರೆದಾಗಲೇ ನನಗೆ ಅರ್ಥವಾಯಿತು. ಮರಕ್ಕೆ ಎಡ ಬಲ ಗೊತ್ತಿಲ್ಲ, ಕಿವಿಗೆ ಗೊತ್ತು. 'ನಿನ್ನ ಕಿವಿ ತೋರಿಸು' ಎಂದು ಬರೆದೆ, ಹರಿದೆ. ಫೆಬ್ರವರಿಯಲ್ಲಿ ಒಂದು ಗಾದೆಗೆ ಮೂರು ತಿಂಗಳು ಮಾತು ಬಿಟ್ಟವಳು ಇದಕ್ಕೆ ಎಷ್ಟು ವರ್ಷ ಬಿಡುತ್ತಾಳೋ ಅನ್ನಿಸಿತು. ಬೇರೆ ರಿಪೇರಿಯವನ ಹತ್ತಿರ ಹೋಗುತ್ತೇನೆ ಅಂದಿದ್ದೆ ಬೇರೆ. ಪಿಟೀಲು ಬರುವುದು ನಿಂತರೆ ಕಾಗದವೂ ನಿಲ್ಲುತ್ತದೆ. ಅದಕ್ಕೇ ನೆಲ ಡೊಂಕು ಎಂದು ಒಪ್ಪಿಕೊಂಡೆ. ನಿನಗೆ ಕೇಳಿಸಲಿ ಎಂದು ಒಂದೊಂದೇ ಸಲ ಅದನ್ನು ಕಿರುಚುವ ಹಾಗೆ ಮಾಡಿದೆ. ನನ್ನ ಕೈಯಿಂದ ಅಂಥ ಪಿಟೀಲು ಇನ್ನೊಂದು ಆಗುವುದಿಲ್ಲ. ಅದನ್ನು ಹೆರೆದು ಹಾಳುಮಾಡಿದಾಗ, ತಂಗಿಗಾಗಿ ಇಷ್ಟು ಮಾಡುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆಯೂ ಪಟ್ಟೆ. ಎಂಥ ಮೂರ್ಖ ನಾನು.

ಆ ಮಳೆಗಾಲದಲ್ಲಿ ನೀನು ಒಂಬತ್ತು ಕಾಗದ ಬರೆದೆ. ಇಸ್ತ್ರಿ ಅಂಗಡಿಯ ಮುದುಕಿ, ಗುಡುಗಪ್ಪನ ಮೀಸೆ, ಎಲ್ಲವನ್ನೂ ಊಟಕ್ಕೆ ಕೂತಾಗ ಓದುತ್ತಿದ್ದೆ. ಅತ್ತಿಗೆಗೆ ನಿನ್ನ ಕಾಗದ ಬಂದ ದಿನವೇ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. "ಒಂದು ಸಾಲು ಬರೆದಿದ್ರೆ ಸಾಕಿತ್ತಲ್ರೀ" ಅಂದಳು, ಎದ್ದು ಹೋದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ಡಾಕ್ಟರ ಹತ್ತಿರ ಹೋಗು. ನಾನು ಬರುತ್ತೇನೆ. ಎಲ್ಲಿಗೆ ಬರಲಿ ಬರೆ.

ಅಣ್ಣ

ಡಿಸೆಂಬರ್ 1

ಅಣ್ಣ,

ಹೋಗಿದ್ದೆ. ಗಾಜಿನ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ. ಬಾಗಿಲು ತೆರೆದಾಗ ಗೊತ್ತಾಯಿತು, ಒಂದು ಕಿವಿಯದು ಮುಗಿದೇ ಹೋಗಿತ್ತು.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಉಳಿದಿರುವುದು ಹತ್ತಿರ ಬಂದು ಕೂಗಿದರೆ ಒಂದು ಮಾತು ಕೇಳುವಷ್ಟು. ಎಡಗಿವಿ ಹೇಗಿದ್ದರೂ ಹೋಗುತ್ತಿತ್ತಂತೆ. ಬಲಗಿವಿಯನ್ನು ತಿಂದದ್ದು ಜೂನಿನಿಂದ ಈಚಿನ ದಿನಗಳು, ಆ ಕಾಲ ಬಳಿಯ ಸ್ಪೀಕರು. ಜೂನಿನಲ್ಲೇ ವೇದಿಕೆ ಬಿಟ್ಟಿದ್ದರೆ ಅದು ಉಳಿಯುತ್ತಿತ್ತು ಎಂದು ಡಾಕ್ಟರು ಬರೆದು ತೋರಿಸಿದರು. ಕೆಳಗೆ ಗೆರೆ ಎಳೆದಿದ್ದರು.

ನನ್ನ ಜಾಗಕ್ಕೆ ಬೇರೊಬ್ಬಳನ್ನು ತಂದಿದ್ದಾರೆ. ಸೌಂಡಿನವನು ಬರೆದಿದ್ದ. ಅವಳಿಗೆ ನುಡಿಸಲು ಅಷ್ಟಾಗಿ ಬರುವುದಿಲ್ಲವಂತೆ, ಟೇಪು ನನ್ನದೇ ಹಾಕುತ್ತಾರಂತೆ.

ನನ್ನದೂ ತಪ್ಪಿದೆ. ನಾನು ಮುಚ್ಚಿಟ್ಟೆ, ಫೋನಿನ ಮೇಲೆ ಹಾಕಿದೆ. ಅದನ್ನು ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ಜೂನ್ ಹದಿಮೂರರ ಬೆಳಗ್ಗೆ ಹತ್ತೂವರೆಗೆ ನಾನು ಆ ಊರಿನ ಕಿವಿ ಡಾಕ್ಟರ ಹತ್ತಿರ ಹೋಗಬೇಕಿತ್ತು. ನಾನೇ ಹೋಗಿ ಸಮಯ ಗೊತ್ತುಮಾಡಿಕೊಂಡು ಬಂದಿದ್ದೆ. ಮೂರು ದಿನ ನಿದ್ದೆಯಿರಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತಿದ್ದಾಗ ಹೋಟೆಲಿನವರು ನಿನ್ನ ಪೆಟ್ಟಿಗೆ ತಂದುಕೊಟ್ಟರು. ನಿನ್ನಲ್ಲಿ ಯಾವ ದೋಷವೂ ಇಲ್ಲ ಎಂದು ನೀನು ಬರೆದಿದ್ದೆ. ನಾನು ಚಪ್ಪಲಿ ಬಿಟ್ಟು ಮಂಚದ ಮೇಲೆ ಕೂತು ಪಿಟೀಲು ತೆಗೆದೆ. ನನ್ನ ಕಿವಿ ಒಂದು ಹೇಳಿತು, ಅಣ್ಣ ಒಂದು ಹೇಳಿದ. ನಾನು ಅಣ್ಣನನ್ನು ನಂಬಿದೆ.

ನನಗೆ ತುಂಬ ಕೋಪ ಬಂದಿದೆ. ಇಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಎಲ್ಲಿಗೆ ಬರಲಿ ಅಂದಿದ್ದೀಯ. ಎಲ್ಲಿಗೂ ಬರಬೇಡ. ಬಂದು ಎದುರಿಗೆ ಕೂತರೂ ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ. ನಿನಗೆ ಕಾಗದ ಬೇಕಿತ್ತು, ಇನ್ನು ನನ್ನ ಜೊತೆ ಯಾರು ಮಾತಾಡಬೇಕಾದರೂ ಕಾಗದವೇ ಗತಿ.

ಆದರೆ ಸದ್ಯಕ್ಕೆ ಬರೆಯಬೇಡ. ನೀನು ಏನು ಬರೆದರೂ ನಾನು ನಂಬಿಬಿಡುತ್ತೇನೆ.